ಮಶೇರಿ ಬಿಟ್ಟಾಕಿಗೆ ಶಾಲು ಹೊದಿಸಿ ನಾ ಮಾಡಿದ ಎಡವಟ್ಟು

ನಿಮ್ಗೂ ಹಿಂಗ ಆಗೇದೇನ್ರಿ? ಒಬ್ಬರ ಚಟ ಬಿಡಿಸಿ, ಗೆದ್ದೆ ಅಂತ ನಾಕು ಮಂದಿ ಮುಂದ ಎದಿ ಉಬ್ಬಿಸಿಕೊಂಡು ತಿರುಗ್ಯಾಡೀರಿ, ಮೂರು ವಾರಕ್ಕ ಅದೇ ಮನಷಾ ಮೊದಲಿನಕಿಂತ ಕೆಟ್ಟು ನಿಮ್ಮ ಮುಂದ ಬಂದು ನಿಂತಾರ? ಆಗೇದೇನು? ನನಗ ಆಗೇದ. ಅದೂ ಫೋಟೋ ಸಮೇತ!

ನಾನು ಇಪ್ಪತ್ತಾರು ವರ್ಷ ನರ್ಸ್ ಕೆಲಸ ಮಾಡ್ದಾಕಿ. ಕಡೀಕ ಒಂಬತ್ತು ವರ್ಷ ಚಟ ಬಿಡಿಸೋ ತಂಡದಾಗ ಇದ್ದೆ. ಸಂಸ್ಥೆ ಹೆಸರು ಬ್ಯಾಡ, ಇಲ್ಲಿ ತಪ್ಪು ಸಂಸ್ಥೆದಲ್ಲ, ನಂದು. ಸೋಮವಾರ ಆಳಂದ ಕಡೆ, ಬುಧವಾರ ಅಫಜಲಪುರ ಕಡೆ, ಶುಕ್ರವಾರ ಜೇವರ್ಗಿ ಕಡೆ. ಒಂದು ಹಳೇ ಜೀಪು, ಒಂದು ಡಬ್ಬಿ ಔಷಧ, ಒಂದು ಕಟ್ಟು ಫಾರ್ಮು, ಮತ್ತ ನಾನು. ಆ ಜೀಪಿನಾಗ ಕುಂತು ಕುಂತು ಮಣಕಾಲು ಹೋದ್ವು, ಐವತ್ಮೂರಕ್ಕೇ ಸಾಕಪ್ಪ ಅಂತ ಮನೀಗಿ ಬಂದೆ. ಈಗ ಕೌನ್ಸೆಲಿಂಗ್ ಕೆಲಸಕ್ಕ ಹೊಸದಾಗಿ ಸೇರಿದ ಹುಡುಗ್ಯಾರು ಮೆಸೇಜ್ ಮ್ಯಾಲ ಮೆಸೇಜ್ ಹಾಕ್ತಾರ. "ಮೇಡಂ, ಖರೇ ಕೆಲಸ ಹ್ಯಾಂಗಿರ್ತದ? ಟ್ರೇನಿಂಗ್‌ನಾಗ ಹೇಳಿದಂಗೇ ಇರ್ತದೇನ್ರಿ?" ಇಲ್ಲವ್ವ, ಒಟ್ಟ ಇರಂಗಿಲ್ಲ! ಅದಕ್ಕ ಇದನ್ನ ಬರ್ಯಾಕತ್ತೇನಿ. ಹೆಸರು ಬದಲಿ ಮಾಡೇನಿ. ಆ ಮನಿಯವರ ಒಪ್ಪಿಗಿ ಕೇಳೇ ಬರ್ಯಾಕತ್ತೇನಿ. "ಬರೀರಿ, ನಮ್ಮಂಥವ್ರು ಭಾಳ ಮಂದಿ ಇದ್ದಾರ" ಅಂತ ಅವರೇ ಹೇಳ್ಯಾರ.

ಮಶೇರಿ ಅಂದ್ರ ನಮ್ಮ ಕಡೆಯವರಿಗೆ ಹೇಳೋದೇ ಬ್ಯಾಡ, ದೂರದವರಿಗೆ ಹೇಳ್ತೇನಿ. ತಂಬಾಕಿನ ಎಲಿ ತವಾದ ಮ್ಯಾಲ ಕರ್ರಗ ಆಗೂತನ ಹುರಿದು, ಪುಡಿ ಮಾಡಿ, ಬೆರಳಿಲೆ ಹಲ್ಲಿಗೆ ತಿಕ್ಕೋದು. ಮಹಾರಾಷ್ಟ್ರ ಗಡಿ ಹತ್ರ ಇರೋ ಊರಾಗ ಹೆಣ್ಮಕ್ಕಳು ಮುಂಜಾನೆ ಕಟ್ಟಿ ಮ್ಯಾಲ ಕುಂತು, ಮಾತಾಡಿಕೋಂತ ತಿಕ್ತಾರ. ಬಾಯಿ ಸ್ವಚ್ಛ ಆಗ್ತದ ಅಂತಾರ. ಹೊಟ್ಟಿ ಸಾಫ್ ಆಗ್ತದ ಅಂತಾರ. ಇದು ಚಟ ಅಂತ ಯಾರೂ ಅನ್ನಂಗಿಲ್ಲ. ಚಟ ಅಂದ್ರ ಗಂಡಸೂರು ಕುಡಿಯೋದು, ಅಷ್ಟೇ!

ಆಳಂದ ಕಡೆ ಖಜೂರಿ ಅನ್ನೋ ಊರಾಗ ಕ್ಯಾಂಪ್ ಇಟ್ಟಿದ್ವಿ. ಗುರುಬಾಯಿ ಅಂತ ಒಬ್ಬಾಕಿ, ಅರವತ್ತರ ಹತ್ರ ವಯಸ್ಸು, ಸೊಸಿ ಕೈ ಹಿಡಕೊಂಡು ದರದರ ಎಳಕೊಂಡು ಬಂದ್ಳು. ಸೊಸಿ ಹೆಸರು ಜಗದೇವಿ. ಇಪ್ಪತ್ನಾಕು ವರ್ಷ. ಬಗಲಾಗ ಮೂರು ವರ್ಷದ ಹೆಣ್ಣು ಕೂಸು.

"ಸಿಸ್ಟರ್ರಿ, ಈಕಿ ಮಶೇರಿ ಬಿಡಸ್ರಿ. ದಿನಾ ಒಂದು ಡಬ್ಬಿ ಖಾಲಿ ಮಾಡ್ತಾಳ."

"ನಿನ್ನ ಹಲ್ಲೂ ಕರ್ರಗ ಅವ ಅಲ್ಲವ್ವ ಗುರುಬಾಯಿ, ನಿಂದೂ ಬಿಡಸಲೇನು?"

"ನಾ ಬಿಟ್ಟೆ ಅಂದ್ರ ಮುಂಜಾನೆ ಸಂಡಾಸ ಆಗಂಗಿಲ್ರಿ! ನಾ ಮಶೇರಿ ಸಂಗಾಟೇ ಮಣ್ಣಿಗಿ ಹೋಗಾಕಿ. ನನ್ನ ಸುದ್ದಿ ಬಿಡ್ರಿ."

ಅಲ್ಲಿ ಕುಂತ ಹೆಣ್ಮಕ್ಕಳೆಲ್ಲಾ ಹೊಟ್ಟಿ ಹಿಡಕೊಂಡು ನಕ್ರು. ನಾನೂ ನಕ್ಕೆ. ಜಗದೇವಿ ನಗಲಿಲ್ಲ.

ನಮ್ಮ ಫಾರ್ಮಿನಾಗ ಕಾಲಮ್ ಇರ್ತಿದ್ವು. ಏನು ಚಟ, ಎಷ್ಟು ವರ್ಷ, ದಿನಕ್ಕ ಎಷ್ಟು ಸಲ. ನಾ ಕೇಳ್ದೆ, "ದಿನಾ ಎಷ್ಟು ಸಲ ತಿಕ್ತಿ ಬೇ? ಯಾವಾಗ್ಯಾವಾಗ?"

"ಏಳೆಂಟು ಸಲ್ರಿ. ಹಸಿವಾದಾಗ್ರಿ."

ಹಸಿವಾದಾಗ! ಆ ಹುಡುಗಿ ಮೊದಲನೇ ದಿನಾನೇ, ನನ್ನ ಮೊದಲನೇ ಪ್ರಶ್ನಿಗೇ, ಪೂರಾ ರೋಗ ಬಿಚ್ಚಿ ನನ್ನ ಮುಂದ ಇಟ್ಟಿದ್ಳು. ನಾ ಏನು ಬರಕೊಂಡೆ ಗೊತ್ತೇನು? "ಏಳು-ಎಂಟು". ಮುಗೀತು. ಮುಂದಿನವ್ರು ಬರ್ರಿ!

ಅಷ್ಟಕ್ಕೇ ನಿಲ್ಲಲಿಲ್ಲ ನನ್ನ ಶಾಣೇತನ. ಗುರುಬಾಯಿ ಹೆಮ್ಮಿಲೆ ಹೇಳಿದ್ಳು, "ಭಾಳ ಭಕ್ತಿ ಅದ್ರಿ ಈಕಿಗೆ. ಸೋಮವಾರ ಉಪಾಸ, ಗುರುವಾರ ಉಪಾಸ, ಶನಿವಾರ ಉಪಾಸ. ಈಗ ಮಂಗಳವಾರನೂ ಹಿಡದಾಳ."

ನಾ ಏನಂದೆ? "ಶಭಾಷ್! ಬಾಯಿ ಕಟ್ಟಿದಾಕಿಗೆ ಮಶೇರಿ ಬಿಡೋದು ಯಾವ ದೊಡ್ಡ ಕೆಲಸ?"

ನಮ್ಮ ಕಡೆ ಯಾರರೆ ಉಪಾಸ ಅಂದ್ರ ನಾವು ಮ್ಯಾಲ ಪ್ರಶ್ನಿ ಕೇಳಂಗಿಲ್ಲ. ಕೈ ಮುಗೀತೀವಿ. ಅಲ್ಲೇ ತಪ್ಪಿದ್ದು ನಾವು.

ಜಗದೇವಿ ಐದು ವಾರದಾಗ ಮಶೇರಿ ಬಿಟ್ಟಳ್ರೀ! ನನ್ನ ಒಂಬತ್ತು ವರ್ಷದಾಗ ಅಷ್ಟು ಜಲ್ದಿ ಬಿಟ್ಟವ್ರು ಇನ್ನೊಬ್ರಿಲ್ಲ. ನನಗಂತೂ ನೆಲದ ಮ್ಯಾಲ ಕಾಲು ನಿಲ್ಲವಲ್ದು. ನಮ್ಮ ಸಾಹೇಬ್ರಿಗೆ ಫೋನ್ ಮಾಡ್ದೆ. ಅವ್ರು ನನಗಿಂತ ಖುಷಿ. "ಸಿಸ್ಟರ್, ಸನ್ಮಾನ ಇಡ್ರಿ! ಬ್ಯಾರೆ ಹೆಣ್ಮಕ್ಕಳಿಗೂ ಹುರುಪು ಬರ್ತದ!" ನಿಮ್ಗ ಗೊತ್ತಲ್ಲ, ನಮ್ಮ ಕಡೆ ಯಾರು ಏನು ಮಾಡಿದ್ರೂ ಶಾಲು ಹೊದಿಸಬೇಕು. ಶಾಲು ತರಿಸಿದೆ, ಕಾಯಿ ತರಿಸಿದೆ, ಮಾಲಿ ತರಿಸಿದೆ. ಎಲ್ಲಾ ಹೆಣ್ಮಕ್ಕಳ ಮುಂದ ಜಗದೇವಿನ್ನ ಕುರ್ಚಿ ಮ್ಯಾಲ ಕೂಡಿಸಿ ಶಾಲು ಹೊದಿಸಿದೆ. ಚಪ್ಪಾಳಿ! ಫೋಟೋ! ಆಕಿ ಹೆಗಲ ಎಲುಬು ಶಾಲಿನ ಮ್ಯಾಲಿಂದನೇ ಎದ್ದು ಕಾಣಾಕತ್ತಿದ್ವು. ನಾ ನೋಡಿದ್ದು ಫೋಟೋದಾಗ ನಮ್ಮ ಬ್ಯಾನರ್ ಬರೋಬ್ಬರಿ ಬಂದದೋ ಇಲ್ಲೋ ಅಷ್ಟೇ.

ಇನ್ನೂ ಕೇಳ್ರಿ. ಆಕಿ ಗದ್ದ ಹಿಡಿದು ಅಂದೆ, "ತೆಳ್ಳಗಾಗಿ ಎಷ್ಟು ಚಂದ ಕಾಣಾಕತ್ತಿ ಬೇ!"

ಆಗ ನಕ್ಕಳು ನೋಡ್ರಿ ಜಗದೇವಿ. ಎರಡು ತಿಂಗಳದಾಗ ಮೊದಲನೇ ಸಲ. ನನ್ನ ಕೈಯಿಂದ ಆ ಹುಡುಗಿಗೆ ಬಿದ್ದ ದೊಡ್ಡ ಏಟು ಅದು. ಆವತ್ತು ನನಗ ಅದು ಆಶೀರ್ವಾದ ಅನಿಸಿತ್ತು.

ಮೂರು ವಾರ ಆತು. ಸೋಮವಾರ ಆಳಂದದ ದವಾಖಾನಿ ವರಾಂಡದಾಗ ನಾ ಟೇಬಲ್ ಹಾಕ್ಕೊಂಡು ಕುಂತೇನಿ, ಖಜೂರಿಯ ಮುಂಜಾನಿ ಬಸ್ಸಿಗೆ ಗುರುಬಾಯಿ ಬಂದ್ಳು. ಒಂದು ಕೈಯಾಗ ಚೀಲ, ಒಂದು ಕೈಯಾಗ ಸೊಸಿ. ಸೊಸಿ ನಡ್ಯಾಕತ್ತಿಲ್ಲ, ಅತ್ತಿ ಮ್ಯಾಲ ಜೋತು ಬಿದ್ದಾಳ. ಬೋರಿನ ಹತ್ರ ಕೊಡ ತುಂಬಾಕ ಹೋಗಿ ಅಲ್ಲೇ ಬಿದ್ದಿದ್ಳಂತ. ಗುರುಬಾಯಿ ಚೀಲದಾಗಿನ ಶಾಲು ತಗದು ನನ್ನ ಟೇಬಲ್ ಮ್ಯಾಲ ಒಗದ್ಳು.

"ತಗೋರಿ ನಿಮ್ಮ ಶಾಲು. ನನ್ನ ಸೊಸಿ ನನಗ ವಾಪಸ್ ಕೊಡ್ರಿ."

ಎದ್ದು ಓಡಿದೆ ನಸೀಮಾ ಮೇಡಂ ಕಡೆ.

ನಸೀಮಾ ಮೇಡಂ ಅಂದ್ರ ನಮ್ಮ ತಂಡದ ಡಾಕ್ಟರು. ನನಗಿಂತ ಹತ್ತು ವರ್ಷ ಸಣ್ಣಾಕಿ, ಆದ್ರ ಮುಖದ ಮ್ಯಾಲೇ ಹೇಳೋ ಹೆಣ್ಮಗಳು. ಜಗದೇವಿ ನಾಡಿ ಹಿಡದ್ರು, ಬಾಯಿ ತಗಿಸಿ ಹಲ್ಲು ನೋಡಿದ್ರು, ಕೈ ನೋಡಿದ್ರು. ಆಮ್ಯಾಲ ಗುರುಬಾಯಿ ಕಡೆ ತಿರುಗಿ ಒಂದೇ ಪ್ರಶ್ನಿ ಕೇಳಿದ್ರು.

"ಅಮ್ಮಾ, ಉಪಾಸ ಮುಗಿಸೋ ಹೊತ್ತಿಗೆ ಈಕಿ ಏನು ತಿಂತಾಳ?"

"ಸಾಬೂದಾಣಿ, ಬಾಳೆಹಣ್ಣು... ಎಲ್ಲಾ ಮಾಡಿ ಇಡ್ತೇನ್ರಿ."

"ನೀವು ಮಾಡೋದು ಕೇಳಲಿಲ್ಲ. ಆಕಿ ತಿನ್ನೋದು ನೋಡೀರೇನು?"

"ಒಳಗ ತಗೊಂಡು ಹೋಗ್ತಾಳ್ರಿ. ಇಲ್ರಿ... ನೋಡಿಲ್ರಿ."

ಮೇಡಂ ನನ್ನ ಕಡೆ ತಿರುಗಿದ್ರು. "ಸಿಸ್ಟರ್, ನಾವೂ ರೋಜಾ ಇಡ್ತೀವಿ. ದಿನಪೂರ್ತಿ ನೀರು ಸುದ್ದಾ ಇಲ್ಲ. ಆದ್ರ ಸಂಜಿಗೆ ನಮಾಜಿನ ಹೊತ್ತಾತು ಅಂದ್ರ ಎಲ್ಲಾರೂ ಕೂಡಿ ಕುಂತು ಬಾಯಿಗೆ ಖರ್ಜೂರ ಹಾಕ್ಕೋತೀವಿ. ಯಾವ ಧರ್ಮದ ಉಪಾಸ ಆದ್ರೂ ಅದಕ್ಕ ಮುಗಿಯೋ ಹೊತ್ತು ಇರ್ತದ. ಈಕಿದಕ್ಕ ಎಲ್ಲದ? ಇದು ಬೀಮಾರಿ. ಮಶೇರಿ ಈಕಿ ಹಸಿವು ಕೊಲ್ಲೋ ಔಷಧ ಆಗಿತ್ತು. ನೀವು ಅದನ್ನ ಕಸಗೊಂಡ್ರಿ, ಹಸಿವು ತಿರುಗಿ ಬಂತು, ಆಕಿ ಹೆದರಿ ಇದ್ದಷ್ಟು ಊಟಾನೂ ಬಿಟ್ಟಳು. ನೀವು ಮ್ಯಾಲ ಶಾಲು ಹೊದಿಸಿದ್ರಿ!"

ಬೈಸಿಕೊಂಡೆ. ತಲಿ ಮ್ಯಾಲ ಎತ್ತಲಿಲ್ಲ. ಆದ್ರ ಖರೇ ಹೇಳ್ತೇನಿ, ಅವತ್ತು ಆ ವರಾಂಡದಾಗ ನಿಂತು ಕಲಿತಷ್ಟು ಹದಿನೇಳು ವರ್ಷ ವಾರ್ಡಿನಾಗ ಕಲಿತಿರಲಿಲ್ಲ!

ಕಲಬುರಗಿಗೆ ಕಳಿಸಿದ್ವಿ. ರಕ್ತದಾಗ ಉಪ್ಪಿನಂಶ ಇಳಿದಿತ್ತು, ಎದಿ ಬಡಿತ ಭಾಳ ನಿಧಾನ ಇತ್ತು. ಉಳೀತಾಳೋ ಇಲ್ಲೋ ಅಂತ ಎರಡು ದಿನ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗುರುಬಾಯಿ ವಾರ್ಡಿನ ಹೊರಗ ಕುಂತಾಕಿ ಕುಂತಾಳ. ಮೂರನೇ ದಿನ ನಾ ಹೋಗಿ ನೋಡಿದ್ರ ಊರಿಂದ ಹೋಳಿಗಿ, ತುಪ್ಪ, ಶೇಂಗಾ ಹಿಂಡಿ, ದೊಡ್ಡ ಗಂಟೇ ತರಿಸ್ಯಾಳ!

"ಉಣಲಾರದ್ದಕ್ಕ ಹಿಂಗಾಗೇದ ಅಂದ್ರಲ್ರಿ? ಎರಡು ದಿನದಾಗ ಉಣಿಸಿ ಎಬ್ಬಿಸ್ತೇನಿ ನೋಡ್ರಿ!"

ಕೈ ಮುಗಿದು ನಿಲ್ಲಿಸಿದೆ. ಹುಡುಗ್ಯಾರೇ, ಇದನ್ನ ಗಟ್ಟಿಯಾಗಿ ನೆನಪಿಡ್ರಿ. ಭಾಳ ದಿನ ಹೊಟ್ಟಿಗಿ ಇಲ್ಲದವ್ರಿಗೆ ಒಮ್ಮೆಲೇ ತುಂಬಿಸಿದ್ರ ಜೀವಕ್ಕೇ ಅಪಾಯ. ಡಾಕ್ಟರ್ ಕಣ್ಣಮುಂದ, ರಕ್ತ ತಪಾಸಣಿ ಮಾಡಿಕೋಂತ, ಜರಾ ಜರಾ ಏರಿಸಬೇಕು. ಪ್ರೀತಿ ಬ್ಯಾರೆ, ಔಷಧ ಬ್ಯಾರೆ. ಗುರುಬಾಯಿ ಆ ಹೋಳಿಗಿ ಗಂಟು ವಾರ್ಡಿನ ಆಯಾಗಳಿಗೆ ಹಂಚಿದ್ಳು, ಅಳಕೋಂತ.

ಜಗದೇವಿ ಬಾಯಿ ಬಿಟ್ಟಿದ್ದು ಯಾವಾಗ ಗೊತ್ತೇನು? ಒಂದಿನ ಕೂಸಿನ್ನ ಕರ್ಕೊಂಡು ಬಂದಿದ್ರು. ಆಯಾ ಒಬ್ಬಾಕಿ ಪ್ರೀತಿಲೆ ಬಿಸ್ಕೀಟ್ ಕೊಟ್ಳು. ಕೂಸು ಬಿಸ್ಕೀಟ್ ನೋಡಿತು, ತಮ್ಮವ್ವನ್ನ ನೋಡಿತು, ಕೈ ಹಿಂದ ಕಟ್ಟಿಕೊಂಡು ಅಂತು, "ನಂದೂ ಉಪಾಸ."

ಜಗದೇವಿ ಮಂಚದ ಮ್ಯಾಲ ಎದ್ದು ಕುಂತ್ಳು. ಬಿಕ್ಕಿ ಬಿಕ್ಕಿ ಅತ್ತಳು. ಆಮ್ಯಾಲ ಹೇಳಿದ್ಳು ನೋಡ್ರಿ, ತಡಿಯಿಲ್ಲದಂಗ. ಕೂಸು ಹುಟ್ಟಿದ ಮ್ಯಾಲ ನಾದಿನಿ ಮದಿವಿಗೆ ಕುಬುಸದ ಅಳತಿ ಕೊಡಾಕ ಹೋಗಿದ್ಳಂತ. ಟೇಲರ್ ಎಲ್ಲಾರ ಮುಂದ, "ಅಕ್ಕ, ಹಳೇದು ಎಷ್ಟು ಬಿಚ್ಚಿದ್ರೂ ನಿನಗ ಸಾಲಂಗಿಲ್ಲ, ಎರಡು ಪೀಸ್ ತಾ" ಅಂದನಂತ. ಎಲ್ಲಾರೂ ನಕ್ರಂತ. ಅವನೂ ಚಾಷ್ಟಿಗೆ ಅಂದಿದ್ದು, ನಕ್ಕವರೂ ಮರೆತ್ರು. ಈಕಿ ಮರೀಲಿಲ್ಲ. ಅಲ್ಲಿಂದ ಒಂದೊಂದೇ ಊಟ ಬಿಡ್ಕೋಂತ ಬಂದ್ಳು. ಹಸಿವು ತಾಳವಲ್ದು ಅಂದಾಗ ಮಶೇರಿ ಕೊಟ್ಟಾಕಿ ಯಾರು? ಗುರುಬಾಯಿನೇ! "ಹೊಲದಾಗ ಇದ್ದಾಗ ನಾವೂ ಹಿಂಗೇ ತಿಕ್ಕಿ ಮಧ್ಯಾಹ್ನದ ತನ ತಳ್ತಿದ್ವಿ ಬೇ" ಅಂತ ತಾನೇ ಬೆರಳಿಗೆ ಹಚ್ಚಿಕೊಟ್ಟಿದ್ಳು.

ಇನ್ನೊಂದು ಇತ್ತು. ಎಲ್ಲಾರೂ ಹೊಲಕ್ಕ ಹೋದಾಗ, ತಡಕೊಳ್ಳಾಕ ಆಗಲಾರದ, ಗಡಿಗಿಯೊಳಗಿನ ಅನ್ನ, ಬುಟ್ಟಿಯಾಗಿನ ರೊಟ್ಟಿ ಎಲ್ಲಾ ತಿಂದು ಬಿಡ್ತಿದ್ಳಂತ. ಆಮ್ಯಾಲ ನಾಚಿಕಿ, ಹೆದರಿಕಿ. ಉಂಡಿದ್ದೆಲ್ಲಾ ಹೊರಗ ಹಾಕ್ತಿದ್ಳು.

ಗುರುಬಾಯಿ ಕಣ್ಣು ಅಗಲ ಮಾಡಿ ಕುಂತಿದ್ಳು. "ಯವ್ವಾ! ನಾ ಎರಡು ವರ್ಷ ಬೆಕ್ಕಿಗೆ ಬೈದೇನಲ್ಲೇ! ಒಂದಿನ ಕಟಿಗಿಲೆ ಹೊಡೆದೇನಿ ಅದಕ್ಕ!"

ಜಗದೇವಿ ಅಳೋದರ ನಡುವೇ ನಕ್ಕು ಬಿಟ್ಳು. ಆ ನಗು ಬ್ಯಾರೆ ಇತ್ರಿ. ಶಾಲಿನ ದಿನದ ನಗು ಅಲ್ಲ ಅದು.

ಅಲ್ಲಿಂದ ನಾವು ಕೆಲಸ ಮಾಡೋ ರೀತೀನೇ ಬದಲಿ ಮಾಡಿದ್ವಿ. ಮೊದಲು ಏನಿತ್ತು ಅಂದ್ರ, ಚಟ ನಮ್ಮದು, ಊಟ ಬ್ಯಾರೆಯವರದು. ಮೊದಲು ಚಟ ಬಿಡಲಿ, ಆಮ್ಯಾಲ ಉಳಿದದ್ದು ನೋಡೋಣು. ಮೇಡಂ ಅಂದ್ರು, ಎರಡೂ ಒಂದಕ್ಕೊಂದು ಕೈ ಹಿಡಕೊಂಡು ನಿಂತಾವ, ಒಂದರ ಕೈ ಬಿಡಿಸಿದ್ರ ಇನ್ನೊಂದು ಕೊರಳು ಹಿಡೀತದ, ಎರಡೂ ಸಂಗಾಟೇ ನೋಡಬೇಕು. ನಾ ಸಾಹೇಬ್ರಿಗೆ ಹೇಳ್ದೆ. ಅವ್ರು, "ಸಿಸ್ಟರ್, ಫಾರ್ಮಿನಾಗ ಊಟದ ಕಾಲಮ್ ಇಲ್ಲಲ್ಲ?" ಅಂದ್ರು.

"ಇಲ್ರಿ. ಅದಕ್ಕ ಪೆನ್ನಿಲೆ ಗೆರಿ ಹೊಡೆದೇನಿ."

"ಹಂಗ ಮಾಡಾಕ ಬರಂಗಿಲ್ಲ!"

"ಬಂದದ್ರಿ, ಮೂರು ನೂರು ಫಾರ್ಮಿಗೆ ಹೊಡೆದೇನಿ ಈಗಾಗಲೇ."

ಅವ್ರಿಗೆ ನಗಬೇಕೋ ಬೈಬೇಕೋ ತಿಳಿಲಿಲ್ಲ. ಕಡೀಕ ಛಾಪಿಸಿದ ಫಾರ್ಮಿನಾಗೇ ಕಾಲಮ್ ಬಂತು.

ಆ ಕಾಲಮ್ ತುಂಬಾಕ ಹೊಂಟ ಮ್ಯಾಲ ಏನೇನು ಹೊರಗ ಬಂತಂತೀರಿ! ಅಫಜಲಪುರದಾಗ ಒಬ್ಬ ಕುಡಿಯಾಂವ. ಎರಡು ವರ್ಷದಿಂದ ಬರ್ತಿದ್ದ, ನಾ ಊಟ ಕೇಳೇ ಇರಲಿಲ್ಲ. ಕೇಳಿದ್ರ, "ಉಂಡ್ರ ನಶಾ ಏರಂಗಿಲ್ರಿ ಅಕ್ಕೋರ, ಅದಕ್ಕ ದಿನಾ ಉಣ್ಣೋದು ಬಿಟ್ಟೇನಿ" ಅಂದ. ಜೇವರ್ಗಿಯೊಳಗ ಒಬ್ರು ಕಸರತ್ತು ಮಾಡೋ ಗಂಡಸು, ಕಟ್ಟುಮಸ್ತು ಮೈ. ಕುಡಿಯೋದು ಬಿಡಾಕ ಅಂತ ಬಂದ್ರು. ಊಟದ ಮಾತು ಕೇಳಿದ ತಕ್ಷಣ ಬಾಗಿಲಾ ಮುಚ್ಚಿ, ದನಿ ಸಣ್ಣ ಮಾಡಿ ಕೇಳಿದ್ರು, "ಸಿಸ್ಟರ್ರಿ, ಉಂಡು ಉಂಡು ಹೊರಗ ಹಾಕೋದು ಗಂಡಸೂರಿಗೂ ಇರ್ತದೇನ್ರಿ?" ಇರ್ತದ್ರಿ. ಇರ್ತದ! ಕೇಳಿದವರಿಲ್ಲ ಅಷ್ಟೇ. ಒಂಬತ್ತು ವರ್ಷದಾಗ ಎಷ್ಟು ಮಂದಿ ನನ್ನ ಟೇಬಲ್ ಮುಂದಿಂದ ಹಂಗೇ ಎದ್ದು ಹೋದ್ರೋ.

ಜಗದೇವಿ ಊರಿಗೆ ಹೋದ ಮ್ಯಾಲ ಖರೇ ಕುಸ್ತಿ ಶುರು ಆತು. ದವಾಖಾನ್ಯಾಗ ಎಲ್ಲಾ ಸಲೀಸು. ಮನ್ಯಾಗ ಮುಂಜಾನಿ ಎದ್ದ್ರ ಕಟ್ಟಿ ಮ್ಯಾಲ ಮಶೇರಿ ವಾಸನಿ! ಎರಡನೇ ವಾರಕ್ಕೇ ಮತ್ತ ತಿಕ್ಕಿದ್ಳು. ಫೋನ್ ಮಾಡಿ ಗುಸುಗುಸು ಹೇಳಿದ್ಳು, ಮೇಡಂ ಬೈತಾರಂತ ಹೆದರಿ. ಮೊದಲಿನ ನಾನಾಗಿದ್ರ, "ಎಲ್ಲಾ ನೀರಾಗ ಹಾಕ್ದಿ" ಅಂತಿದ್ದೆ. ಈಗ ಕೇಳ್ದೆ, "ಇವತ್ತು ಉಂಡಿಯೇನು?"

"ಅರ್ಧ ರೊಟ್ಟಿ ತಿಂದೇನ್ರಿ."

"ಯಾರ ಸಂಗಾಟ?"

"ಅತ್ತಿ ಸಂಗಾಟ."

"ಹಂಗಾರ ಇವತ್ತು ನಾವೇ ಗೆದ್ವಿ. ಮಶೇರಿದು ನಾಳಿ ನೋಡೋಣು."

ಮನಿಯವರಿಗೆ ನಾವು ಹೇಳಿಕೊಟ್ಟದ್ದು ಇಷ್ಟೇ. ಆಕಿ ಒಬ್ಬಾಕಿನೇ ಉಣಬಾರದು, ಆದ್ರ ತಾಟು ಕಾವಲು ಕಾಯಬಾರದು. ಮೈ ಬಗ್ಗೆ ಒಂದು ಮಾತೂ ಆಡಬಾರದು. ತೆಳ್ಳಗಾಗಿ ಅನ್ನೋದೂ ಬ್ಯಾಡ, ತುಂಬಿಕೊಂಡಿ ಅನ್ನೋದೂ ಬ್ಯಾಡ. ಉಂಡ ಮ್ಯಾಲ ಅರ್ಧ ತಾಸು ಮಾತಾಡಿಕೋಂತ ಸಂಗಾಟ ಕೂಡಬೇಕು. ತಿಂಗಳಿಗೊಮ್ಮೆ ಮೇಡಂ ಮುಂದ ಬರಬೇಕು, ಮನಸ್ಸಿನ ಡಾಕ್ಟರ್ ಗುಳಿಗಿ ತಪ್ಪಿಸಬಾರದು.

ಉಳಿದದ್ದು ಜಗದೇವಿ ತಾನೇ ಹುಡುಕಿಕೊಂಡಳು. ಒಂದಿನ ಊಟಕ್ಕ ಕುಂತಾಗ ಅತ್ತಿಗೆ ಅಂದಳಂತ, "ಅತ್ತಿ, ನನಗ ಒಬ್ಬಾಕಿಗೇ ಆಗವಲ್ದು. ನೀ ಮಧ್ಯಾಹ್ನದ ಮಶೇರಿ ಬಿಡು. ನಾ ಮಧ್ಯಾಹ್ನದ ರೊಟ್ಟಿ ಪೂರಾ ತಿಂತೇನಿ."

ಗುರುಬಾಯಿ! ಮಶೇರಿ ಸಂಗಾಟೇ ಮಣ್ಣಿಗಿ ಹೋಗ್ತೇನಿ ಅಂದಾಕಿ! ಬಿಟ್ಟಳ್ರೀ. ತಲಿ ನೋವು, ಸಿಟ್ಟು, ಹೊಟ್ಟಿ ಸಾಫ್ ಇಲ್ಲ, ಓಣಿ ತುಂಬ ಎಲ್ಲಾರಿಗೂ ಬೈಕೋಂತ ತಿರುಗ್ಯಾಡಿದ್ಳಂತ. ನನಗೂ ಫೋನ್ ಹಚ್ಚಿ ಬೈದ್ಳು. ನಾ ಖುಷಿಲೆ ಬೈಸಿಕೊಂಡೆ. ಮನ್ಯಾಗ ತಂಬಾಕು ಹುರಿಯೋ ತವಾ ಹಿತ್ತಲಕ್ಕ ಹೋತು. ಕಟ್ಟಿ ಮ್ಯಾಲ ಕುಂಡ್ರೋ ಹೆಣ್ಮಕ್ಕಳು "ಏನ್ ಗುರುಬಾಯಿ, ಸೊಸಿ ಮುಂದ ಸೋತೇನು?" ಅಂತ ಕಾಡಿಸಿದ್ರ, "ಹೌದ್ ಬೇ, ಸೋತೇನಿ, ನಿನ್ನ ಸೊಸಿ ಸಾಯಾಕ ಬಿದ್ದಾಗ ನೀ ಗೆಲ್ಲು" ಅಂದಳಂತ.

ಆದ್ರ ಶ್ರಾವಣ ಬಂತು. ಊರಿಗೂರೇ ಸೋಮವಾರ ಹಿಡೀತದ. ಈಕಿ ಮತ್ತ ಜಾರಿದ್ರ? ಹ್ಯಾಂಗ ಹೇಳೋದು ಉಪಾಸ ಮಾಡಬ್ಯಾಡ ಅಂತ, ಲಿಂಗಪೂಜಾ ಮಾಡೋ ಮನಿಗೆ? ಹೆದರಿಕೋಂತ ಫೋನ್ ಮಾಡ್ದೆ. ಗುರುಬಾಯಿ ನನಗಿಂತ ಮುಂದ ಇದ್ಳು.

"ಈ ವರ್ಷ ನಮ್ಮನ್ಯಾಗ ಯಾರೂ ಉಪಾಸ ಮಾಡಂಗಿಲ್ರಿ. ನಾನೂ ಇಲ್ಲ, ನನ್ನ ಮಗನೂ ಇಲ್ಲ. ಪೂಜಾ ಮಾಡ್ತೀವಿ, ಪ್ರಸಾದ ಉಣತೀವಿ. ಶಿವ ಕೇಳಿದ್ರ ನಾ ಉತ್ತರ ಕೊಡ್ತೇನಿ."

ಒಂಬತ್ತು ವರ್ಷದಾಗ ಯಾವ ಟ್ರೇನಿಂಗ್‌ನಾಗೂ ಇಷ್ಟು ಚೊಲೋ ಚಿಕಿತ್ಸಾ ನನಗ ಯಾರೂ ಕಲಿಸಿರಲಿಲ್ಲ ನೋಡ್ರಿ.

ಎರಡು ವರ್ಷ ಹಿಂಗೇ ಏರಿಳಿತ. ಎರಡು ಸಲ ಮತ್ತ ದವಾಖಾನಿ. ಮಶೇರಿ ಮೂರು ಸಲ ಬಿಟ್ಟು ಮೂರು ಸಲ ಹಿಡದ್ಳು. ಯಾರರೆ ನಿಮ್ಗ "ಒಂದು ತಿಂಗಳದಾಗ ಬಿಡಸ್ತೇನಿ" ಅಂದ್ರ ನಂಬಬ್ಯಾಡ್ರಿ.

ನಾ ಕೆಲಸ ಬಿಟ್ಟ ಮ್ಯಾಲ, ಹೋದ ತಿಂಗಳು, ಮಧ್ಯಾಹ್ನ ನಾ ಊಟಕ್ಕ ಕುಂತಾಗ ಫೋನ್ ಬಂತು. ಗುರುಬಾಯಿ. ದನಿ ಕಿಟಾರಂತದ. ನನ್ನ ಕೈಯಾಗಿನ ತುತ್ತು ಕೈಯಾಗೇ.

"ಸಿಸ್ಟರ್ರಿ! ಜಗದೇವಿ ನನ್ನ ಸಂಗಾಟ ಜಗಳಾ ತಗದಾಳ್ರಿ!"

"ಯಾಕವ್ವ, ಏನಾತು?"

"ಪುಂಡಿಪಲ್ಯಾಕ ಉಪ್ಪು ಜಾಸ್ತಿ ಆಗೇದಂತ್ರಿ! ನಾಕು ಮಂದಿ ಬೀಗರು ಕುಂತಾರ, ಅವರ ಮುಂದ ಅಂತಾಳ, ಅತ್ತಿ, ನಿನ್ನ ನಾಲಿಗಿ ಕೆಟ್ಟದ, ನಾಳಿಂದ ಅಡಗಿ ನಾ ಮಾಡ್ತೇನಿ ಅಂತ!"

"ಮತ್ತ?"

"ಮತ್ತೇನ್ರಿ, ಹಂಗ ಬೈಕೋಂತನೇ ಎರಡನೇ ರೊಟ್ಟಿ ಹಾಕ್ಕೊಂಡಾಳ. ಯಾರೂ ಹಾಕಿಲ್ರಿ, ತಾನೇ ಹಾಕ್ಕೊಂಡಾಳ! ಇನ್ನೂ ಉಣ್ಣಾಕತ್ತಾಳ. ನಾ ಹೊರಗ ಬಂದು ಫೋನ್ ಹಚ್ಚೇನಿ, ಅಳೋದು ಆಕಿಗೆ ಕಾಣಬಾರದಂತ."

ಇಬ್ಬರೂ ಫೋನಿನಾಗ ಎಷ್ಟೊತ್ತು ಅತ್ವೋ ಗೊತ್ತಿಲ್ರಿ. ಉಪ್ಪು ಜಾಸ್ತಿ ಆಗೇದ ಅನ್ನಾಕ ಉಣ್ಣೋದರ ಮ್ಯಾಲ ಆಸೆ ಇರಬೇಕಲ್ಲ! ಆ ಆಸೆ ತಿರುಗಿ ಬರಾಕ ನಾವೆಲ್ಲಾ ಎರಡು ವರ್ಷ ಕಾದಿದ್ವಿ.

ಈಗ ನಿಮ್ಮ ಪಾಳಿ. ನಿಮ್ಮ ಮನ್ಯಾಗ, ಓಣ್ಯಾಗ, ನಿಮ್ಮ ವಾರ್ಡಿನಾಗ ಹಿಂಗ ಚಟ ಒಂದು ಕಡೆ, ಊಟ ಒಂದು ಕಡೆ ಸಿಕ್ಕೊಂಡವರನ್ನ ನೋಡೀರೇನು? ನೀವೇ ಆ ದಾರಿಯಾಗ ಹೋಗಿ ಬಂದೀರೇನು, ಇಲ್ಲಾ ಇನ್ನೂ ಅಲ್ಲೇ ಇದ್ದೀರೇನು? ಇದ್ರ ಮೊದಲು ಡಾಕ್ಟರಿಗೆ ತೋರಸ್ರಿ, ಎರಡೂ ಮಾತು ಒಟ್ಟಿಗೇ ಹೇಳ್ರಿ. ಆಮ್ಯಾಲ ಇಲ್ಲಿ ಕೆಳಗ ಬರೀರಿ. ಹೆಸರು ಬ್ಯಾಡ, ತೂಕದ ಲೆಕ್ಕ ಬ್ಯಾಡ. ಯಾರು ಮೊದಲು ಗುರುತು ಹಿಡಿದ್ರು, ಏನಂದ್ರು, ಮೊದಲನೇ ತುತ್ತು ಯಾರ ಸಂಗಾಟ ಕುಂತು ಉಂಡ್ರಿ, ಅಷ್ಟು ಬರೀರಿ. ಎಡವಟ್ಟು ಮಾಡಿದ ನರ್ಸ್‌ಗಳು, ಡಾಕ್ಟರುಗಳು ಇದ್ರ ನಾಚಿಕಿ ಬಿಟ್ಟು ನೀವೂ ಬರೀರಿ. ನಾ ಬರದೇನಲ್ಲ!